ದಾದರದ ಆಚೆ, ದಾದರದ ಈಚೆ

ಮುಂಬೈಗೆ ಹೊರಟಿದ್ದೇನೆ ಎಂದು ಹುಬ್ಬಳ್ಳಿಯಲ್ಲಿ ಬಾಯಿ ತಪ್ಪಿಯೂ ಹೇಳಬಾರದು. 1956ರ ತನಕ ನಾವು ಮುಂಬೈ ಆಡಳಿತದಲ್ಲಿದ್ದವರು. ರಾಜ್ಯ ಬದಲಾದರೂ ಆ ಊರಿನ ಮೇಲಿನ ಹಕ್ಕನ್ನು ನಮ್ಮವರು ಇನ್ನೂ ಬಿಟ್ಟುಕೊಟ್ಟಿಲ್ಲ. ಮುಂಬೈಯನ್ನು ಅರೆದು ಕುಡಿದ ಒಬ್ಬ ಕಾಕಾ ಪ್ರತಿ ಓಣಿಯಲ್ಲಿಯೂ ಇದ್ದಾರೆ. ನಮ್ಮ ಓಣಿಯಲ್ಲಿ ಇಬ್ಬರು. ಅವರು ಸಾಲದೆಂದು ಮೂರನೆಯವರು ಧಾರವಾಡದಿಂದ ಚಿಗರಿ ಬಸ್ ಹತ್ತಿ ಬರುತ್ತಾರೆ.

ನನ್ನ ಪ್ರಶ್ನೆ ಸಣ್ಣದಾಗಿತ್ತು. ಅವ್ವ, ಹೆಂಡತಿ, ಎರಡು ಮಕ್ಕಳು, ನಾನು. ದೀಪಾವಳಿ ರಜೆಯಲ್ಲಿ ನಾಲ್ಕು ದಿನ. ರೂಮನ್ನು ದಕ್ಷಿಣದ ಫೋರ್ಟ್ ಕಡೆ ಊರ ನಡುವೆ ಹಿಡಿಯುವುದೋ, ಉತ್ತರದ ಬೋರಿವಲಿಯಂತಹ ಉಪನಗರದಲ್ಲಿ ಹಿಡಿಯುವುದೋ? ನಡುವೆ ಬಾಡಿಗೆ ಜಾಸ್ತಿ, ಕೋಣೆ ಚಿಕ್ಕದು. ಹೊರಗೆ ಅದಕ್ಕಿಂತ ಕಡಿಮೆಗೆ ದೊಡ್ಡ ಕೋಣೆ, ಮೇಲೆ ಬೆಳಗಿನ ನಾಷ್ಟಾ ಪುಕ್ಕಟೆ. ಇಷ್ಟು ಕೇಳಿದ್ದಕ್ಕೆ ವಿದ್ಯಾನಗರದ ನಮ್ಮ ಮನೆಯ ಕಟ್ಟೆಯ ಮೇಲೆ ಸಭೆಯೇ ಸೇರಿತು. ಗಿರಮಿಟ್ಟು ಬರುವ ಮೊದಲೇ ತೀರ್ಪು ಬಂದಿತ್ತು.

"ಊರ ಹೊರಗೇ ಹಿಡಿಯಿರಿ," ಎಂದರು ಧಾರವಾಡದ ಮಾಸ್ತರರು. "ಗದ್ದಲವನ್ನು ಹಗಲು ನೋಡಬೇಕು, ರಾತ್ರಿ ಬಿಟ್ಟು ಬರಬೇಕು. ನನ್ನ ನೌಕರಿಯೆಲ್ಲ ಹುಬ್ಬಳ್ಳಿಯಲ್ಲಿಯೇ ಆಯಿತು. ಒಂದು ರಾತ್ರಿಯಾದರೂ ಇಲ್ಲಿ ಮಲಗಿದ್ದೇನೆಯೇ?"

"ಅದಕ್ಕೇ ನಿಮಗೆ ಹುಬ್ಬಳ್ಳಿ ಇನ್ನೂ ತಿಳಿದಿಲ್ಲ," ಎಂದರು ಬಟ್ಟೆ ಅಂಗಡಿಯ ಸಾವಕಾರರು. ಅವರ ಮುಂಬೈ ಎಂದರೆ ಕಾಳಬಾದೇವಿ. ಮಂಗಳದಾಸ್ ಮಾರ್ಕೆಟ್ಟಿನಲ್ಲಿ ಮಾಲು ಆರಿಸುವುದು, ಹತ್ತಿರದ ಲಾಡ್ಜಿನಲ್ಲಿ ಗಂಟಿನ ಮೇಲೆಯೇ ತಲೆಯಿಟ್ಟು ಮಲಗುವುದು, ಮರುದಿನ ಊರಿಗೆ ಹೊರಡುವುದು. ವರ್ಷಗಟ್ಟಲೆ ಹೋಗಿ ಬಂದವರು. ಸಮುದ್ರವನ್ನು ಕಂಡಿದ್ದಾರೆಯೇ ಎಂಬ ಅನುಮಾನ ನನಗೆ ಇಂದಿಗೂ ಇದೆ. "ನಡುವೆ ಇದ್ದರೆ ಎಲ್ಲವೂ ಕಾಲಬುಡದಲ್ಲಿ," ಎಂಬುದು ಅವರ ವಾದ. ಕಿಟಕಿ ತೆರೆದರೆ ಏನು ಕಾಣುತ್ತದೆ ಎಂದು ಮಾಸ್ತರರು ಕೇಳಿದರು. "ಎದುರಿನ ಕಟ್ಟಡದ ಕಿಟಕಿ," ಎಂದು ಸಾವಕಾರರು ನಾಚಿಕೆಯಿಲ್ಲದೆ ಒಪ್ಪಿಕೊಂಡರು.

ಮಾಸ್ತರರು ಮೊಬೈಲ್ ತೆಗೆದರು. "ಬೋರಿವಲಿಯಿಂದ ಫೋರ್ಟ್ ಕಡೆಯ ಚರ್ಚ್‌ಗೇಟ್ ನಿಲ್ದಾಣಕ್ಕೆ 34 ಕಿಲೋಮೀಟರ್. ಹುಬ್ಬಳ್ಳಿ-ಧಾರವಾಡದ ಒಂದೂವರೆ ಪಟ್ಟು ಆಗಬಹುದು. ನಾನು ಬಂದಂತೆ ಬಂದರಾಯಿತು."

ಇಲ್ಲಿಯ ತನಕ ಸುಮ್ಮನಿದ್ದ ಗಾರ್ಡ್ ಕಾಕಾ ತಾಟನ್ನು ಕೆಳಗಿಟ್ಟರು. ರೈಲ್ವೆಯಿಂದ ನಿವೃತ್ತರಾದ ಇವರು ಯಾವ ಮಾತನ್ನೂ 1853ರಿಂದಲೇ ಆರಂಭಿಸುತ್ತಾರೆ. ಆ ವರ್ಷದ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ್ದನ್ನು ಮುಗಿಸಿ, ವರ್ತಮಾನಕ್ಕೆ ಬರಲು ಎರಡು ಚಹಾ ಬೇಕಾದವು. ಆದರೆ ಬಂದ ಮೇಲೆ ಅವರು ಹೇಳಿದ್ದು ಆ ಸಂಜೆಯ ಅತ್ಯಂತ ಬೆಲೆಯುಳ್ಳ ಮಾತು.

"ಮಾಸ್ತರರೇ, ನಿಮ್ಮ ಚಿಗರಿ ಬಸ್ಸಿಗೆ ಅದಕ್ಕೆಂದೇ ಬಿಟ್ಟ ಬೇರೆ ದಾರಿ ಇದೆ. ಅಲ್ಲಿ ದೂರದ ಲೆಕ್ಕ ಹಿಡಿಯಬಾರದು, ದಿಕ್ಕಿನ ಲೆಕ್ಕ ಹಿಡಿಯಬೇಕು. ಬೆಳಿಗ್ಗೆ ಜನರೆಲ್ಲ ಕಚೇರಿಗೆಂದು ದಕ್ಷಿಣಕ್ಕೆ ನುಗ್ಗುತ್ತಾರೆ, ಸಂಜೆ ಉತ್ತರಕ್ಕೆ ಮರಳುತ್ತಾರೆ. ಬೋರಿವಲಿಯಲ್ಲಿ ಮಲಗಿದರೆ ಎರಡೂ ಹೊತ್ತು ಆ ಜನರೊಳಗೇ ಸಿಕ್ಕಿಕೊಳ್ಳುತ್ತೀರಿ. ನಡುವೆ ಮಲಗಿದರೆ, ಬೆಳಿಗ್ಗೆ ಅವರು ಬರುವಾಗ ನೀವು ಹೊರಗೆ ಹೋಗುತ್ತೀರಿ, ಸಂಜೆ ಅವರು ಹೋಗುವಾಗ ನೀವು ಒಳಗೆ ಬರುತ್ತೀರಿ. ಕುಳಿತುಕೊಳ್ಳಲು ಜಾಗ ಸಿಗುತ್ತದೆ."

"ಒಂಬತ್ತರ ಗಾಡಿ ಬಿಟ್ಟು ಹನ್ನೊಂದರ ಮೇಲೆ ಹೊರಟರೆ?" ಎಂದು ಮಾಸ್ತರರು ಒಂದು ದಾರಿ ಹುಡುಕಿದರು.

"ಹೊರಡಬಹುದು. ಸಂಜೆಯ ಗದ್ದಲ ಇಳಿಯಲು ರಾತ್ರಿ ಒಂಬತ್ತರ ತನಕ ಎಲ್ಲಿ ಕೂರಿಸುತ್ತೀರಿ, ಇವರ ತಾಯಿಯನ್ನು?"

ಲೋಕಲ್ ಒಂದು ನಿಲ್ದಾಣದಲ್ಲಿ ಅರ್ಧ ನಿಮಿಷ ನಿಂತರೆ ಹೆಚ್ಚು. ಅಷ್ಟರಲ್ಲಿ ಅವ್ವ ಮತ್ತು ಹೆಂಡತಿ ಮಹಿಳೆಯರ ಡಬ್ಬಿಗೆ, ನಾನು ಮತ್ತೊಂದಕ್ಕೆ, ಮಕ್ಕಳು ಯಾರ ಕೈ ಸಿಕ್ಕಿದರೆ ಅವರ ಕಡೆಗೆ. ಅಂಧೇರಿಯಲ್ಲಿ ಇಳಿಯಬೇಕಾದವರು ಅರ್ಧ ಕುಟುಂಬ ಅಂಧೇರಿಯಲ್ಲಿ, ಇನ್ನರ್ಧ ಕುಟುಂಬ ದಾದರದಲ್ಲಿ ನಿಂತು ಫೋನ್ ಮಾಡುವ ಚಿತ್ರವನ್ನು ಕಾಕಾ ಬಹಳ ಉತ್ಸಾಹದಿಂದ ಬಣ್ಣಿಸಿದರು. ಒಳಗಿನಿಂದ ಅವ್ವ ಕೇಳಿಸಿಕೊಳ್ಳುತ್ತಿದ್ದಾಳೆ ಎಂಬುದನ್ನು ಮರೆತಿದ್ದರು.

ಸಾವಕಾರರು ಗೆದ್ದೆನೆಂದು ಕಾಲು ಚಾಚುತ್ತಿದ್ದಂತೆ ಮಾಸ್ತರರು ಅವರ ಲಾಡ್ಜಿಗೆ ಲಿಫ್ಟ್ ಇದೆಯೇ ಎಂದು ಕೇಳಿದರು. ಇಲ್ಲ, ಮೂರನೆಯ ಮಹಡಿ, ಮರದ ಮೆಟ್ಟಿಲು. ಅವ್ವನ ಮೊಣಕಾಲು ಈ ಪ್ರಸ್ತಾಪವನ್ನು ಅಲ್ಲಿಯೇ ತಳ್ಳಿಹಾಕಿತು. ವಾಹನದ ವಿಚಾರ ಬಂದಾಗ ಇಬ್ಬರೂ ಸಮನಾದರು. ಉಪನಗರದಲ್ಲಿ ಮೀಟರ್ ಹಾಕುವ ಆಟೊಗಳಿವೆ, ಆದರೆ ಅವು ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕೆ ಬರುವಂತಿಲ್ಲ. ಅಲ್ಲಿಂದ ಮುಂದೆ ಟ್ಯಾಕ್ಸಿಯೇ ಗತಿ. ಆಟೊದಲ್ಲಿ ಮೂವರು, ಟ್ಯಾಕ್ಸಿಯಲ್ಲಿ ನಾಲ್ವರು. ನಾವು ಐವರು. ಎಲ್ಲಿ ಮಲಗಿದರೂ ಒಬ್ಬರು ಹೆಚ್ಚು. ಇಬ್ಬರೂ ನನ್ನತ್ತ ನೋಡಿದರು.

ಆಗ ಮನೆಯವರು ಮಿರ್ಚಿ ಭಜಿಯ ಎರಡನೆಯ ಕಂತು ತಂದಿಟ್ಟರು. "ವೈನಿ, ನಿಮ್ಮ ಅಭಿಪ್ರಾಯವೇನು?" ಎಂದು ಕಾಕಾ ಕೇಳಿದರು. ಕೇಳುವ ತನಕ ಆಕೆ ಹೇಳುವುದಿಲ್ಲ. ಕೇಳಿದ ಮೇಲೆ ಬಿಡುವುದಿಲ್ಲ.

"ಡೊಂಬಿವಲಿಯಲ್ಲಿ ಇವರ ಸೋದರತ್ತೆಯ ಮನೆ ಇದೆ, ಪುಕ್ಕಟೆ," ಎಂದು ಮಾಸ್ತರರು ನಡುವೆ ಬಾಯಿ ಹಾಕಿದ್ದು ತಪ್ಪಾಯಿತು.

"ಅಲ್ಲಿ ಉಳಿದರೆ ನಾನು ಅಲ್ಲಿಯೂ ರೊಟ್ಟಿ ಬಡಿಯಬೇಕು. ಹಾಗಾದರೆ ಮುಂಬೈ ಏಕೆ? ಇಲ್ಲಿಯೇ ಬಡಿಯುತ್ತೇನೆ." ಡೊಂಬಿವಲಿ ಅಲ್ಲಿಗೆ ಮುಗಿಯಿತು. "ನನಗೆ ಒಂದೇ ಮಾತು ತಿಳಿಯಬೇಕು. ಮಧ್ಯಾಹ್ನ ಎರಡಕ್ಕೆ ಅತ್ತೆಯವರು ಮಲಗುವುದು ಎಲ್ಲಿ?"

ಮೂವರೂ ಭಜಿಯ ಕಡೆ ಗಮನ ಹರಿಸಿದರು. ಮುಂಬೈಯನ್ನು ಅರೆದು ಕುಡಿದವರು ಯಾರೂ ಅಲ್ಲಿ ಮಧ್ಯಾಹ್ನ ಮಲಗಿದವರಲ್ಲ.

ಆಕೆ ಚೀಟಿ ತೆಗೆದಳು. ಗೇಟ್‌ವೇ, ಅಲ್ಲಿಂದ ದೋಣಿಯಲ್ಲಿ ಎಲಿಫೆಂಟಾ, ಮಕ್ಕಳಿಗೆ ಭಾಯಖಳದ ರಾಣಿಬಾಗ್ ಪ್ರಾಣಿಸಂಗ್ರಹಾಲಯ, ಅತ್ತೆಗೆ ಮಹಾಲಕ್ಷ್ಮಿ ಮತ್ತು ಪ್ರಭಾದೇವಿಯ ಸಿದ್ಧಿವಿನಾಯಕ. ನೋಡಬೇಕಾದದ್ದೆಲ್ಲ ದಾದರದ ಈಚೆಗೇ, ದಕ್ಷಿಣಕ್ಕೇ ಇದೆ. ಬೋರಿವಲಿಯಲ್ಲಿ ಇರುವುದು ಕಾನ್ಹೇರಿ ಗುಹೆಗಳು. ಅವು ಮಾಸ್ತರರಿಗೆ ಬೇಕಾದವು. ಮಾಸ್ತರರು ನಮ್ಮೊಂದಿಗೆ ಬರುತ್ತಿಲ್ಲ. ಊರ ಹೊರಗೆ ರೂಮು ಹಿಡಿದು ಉಳಿಸಿದ ಹಣ ಓಡಾಟಕ್ಕೆ, ಹೊರಗಿನ ಊಟಕ್ಕೆ ಹೋಗುತ್ತದೆ. ಮಧ್ಯಾಹ್ನ ಮರಳಿ ಬರಲಾಗದ ರೂಮು ಹಗಲಿಡೀ ಬ್ಯಾಗುಗಳಿಗಾಗಿ ಕೊಟ್ಟ ಬಾಡಿಗೆ. ಇದನ್ನು ಆಕೆ ಹೇಳಿದ್ದು. ನಾನು ಹೇಳಿದ್ದರೆ ಯಾರೂ ಒಪ್ಪುತ್ತಿರಲಿಲ್ಲ.

"ನೂರಕ್ಕೂ ಹೆಚ್ಚು ಗುಹೆಗಳಿವೆ, ಕಾಡಿನ ನಡುವೆ," ಎಂದು ಮಾಸ್ತರರು ಕ್ಷೀಣವಾಗಿ ಹೇಳಿದರು. "ಸೋಮವಾರ ಹೋಗಿ ಬರಬಹುದಲ್ಲ?" ಆ ಗುಹೆಗಳಿರುವ ರಾಷ್ಟ್ರೀಯ ಉದ್ಯಾನಕ್ಕೆ ಸೋಮವಾರ ರಜೆ. ಎಲಿಫೆಂಟಾಕ್ಕೂ ಸೋಮವಾರವೇ ರಜೆ. ಬುಧವಾರ ರಾಣಿಬಾಗ್ ಮುಚ್ಚಿರುತ್ತದೆ. ರವಿವಾರ ಹಳಿ ದುರಸ್ತಿಗೆಂದು ಮೆಗಾಬ್ಲಾಕ್ ಇರುತ್ತದೆ, ಲೋಕಲ್‌ಗಳು ಕಡಿಮೆ ಎಂದು ಕಾಕಾ ಸೇರಿಸಿದರು. ನಾಲ್ಕು ದಿನಗಳ ಪ್ರವಾಸದಲ್ಲಿ ಮುಂಬೈ ತೆರೆದಿರುವ ದಿನ ಯಾವುದು ಎಂದು ಸಾವಕಾರರು ಬೆರಳು ಮಡಚತೊಡಗಿದರು.

ಕೊನೆಗೆ ಕಾಕಾ ದಾದರವನ್ನು ಮುಂದಿಟ್ಟರು. ಹುಬ್ಬಳ್ಳಿಯಿಂದ ನೇರ ರೈಲು ಇದೆ. ಪಶ್ಚಿಮ ಮತ್ತು ಮಧ್ಯ ರೈಲ್ವೆಯ ಲೋಕಲ್‌ಗಳು ಎರಡೂ ಅಲ್ಲಿ ನಿಲ್ಲುತ್ತವೆ. ಪಕ್ಕದ ಮಾಟುಂಗಾದಲ್ಲಿ ಇಡ್ಲಿ ಸಿಗುತ್ತದೆ. ಸೂರ್ಯ ಹುಟ್ಟುವ ಮೊದಲು ಇಳಿದವರು ಹನ್ನೆರಡರ ತನಕ ಬಾಗಿಲಲ್ಲಿ ಕಾಯದಂತೆ, 24 ತಾಸಿನ ಲೆಕ್ಕದಲ್ಲಿ ಕೊಡುವ ಲಾಡ್ಜನ್ನೇ ಹಿಡಿಯಬೇಕು ಎಂಬ ಷರತ್ತನ್ನೂ ಹಾಕಿದರು. ಮಾಸ್ತರರು ಕೂಡಲೇ ಒಪ್ಪಿದರು, ದಾದರವೆಂದರೆ ಊರ ಹೊರಗೇ ಎಂದು. ಸಾವಕಾರರೂ ಒಪ್ಪಿದರು, ಊರ ನಡುವೆ ಎಂದು. ನಾನು ಲಾಡ್ಜಿಗೆ ಫೋನ್ ಹಚ್ಚಿದೆ. ಲಿಫ್ಟ್ ಇತ್ತು, ಎರಡನೆಯ ಹಾಸಿಗೆಯೂ ಇತ್ತು.

ಅಷ್ಟರಲ್ಲಿ ಒಳಗಿನಿಂದ ಅವ್ವನ ಧ್ವನಿ ಬಂತು. "ಬಿಸಿನೀರು ಬೆಳಿಗ್ಗೆ ಎಷ್ಟಕ್ಕೆ ಬಿಡುತ್ತಾರೆ, ಕೇಳು."

ಆರಕ್ಕೆ, ಎಂದರು ಅತ್ತ ಕಡೆಯವರು. ಅವ್ವನ ಸ್ನಾನ ನಾಲ್ಕೂವರೆಗೆ.

"ಅದಕ್ಕೇನು, ನೀರು ಕಾಯಿಸುವ ಕಾಯಿಲ್ ನಾನು ಕೊಡುತ್ತೇನೆ," ಎಂದರು ಸಾವಕಾರರು.

"ಲಾಡ್ಜಿನಲ್ಲಿ ಕಾಯಿಲ್ ಹಚ್ಚಲು ಬಿಡುವುದಿಲ್ಲ. ಫ್ಯೂಸ್ ಹಾರಿದರೆ?"

"ಹಾರುತ್ತದೆ," ಎಂದು ಸಾವಕಾರರು ಅನುಭವಸ್ಥರ ಸಮಾಧಾನದಿಂದ ಹೇಳಿದರು. "ಅರ್ಧ ತಾಸಿನಲ್ಲಿ ಯಾರಾದರೂ ಬಂದು ಹಾಕುತ್ತಾರೆ. ಆ ಹೊತ್ತಿನಲ್ಲಿ ಯಾವ ಕೋಣೆಯವರು ಎಂದು ಗೊತ್ತಾಗುವುದಿಲ್ಲ."