ಟ್ರಂಕಿನಾಗಿನ ದಫ್ತರ ಆರ್ಕೈವ್‌ಗೆ ಕೊಡಬೇಕಂದ್ರ ಹ್ಯಾಂಗ್ರಿ?

ಪ್ರಶ್ನೆ (ರೋಣ): ಮನಿಯೊಳಗ ಒಂದು ಟ್ರಂಕ್ ತುಂಬ ಹಳೇ ಕಾಗದ ಅದಾವ್ರಿ. ಕುಲಕರ್ಣಿಕಿ (ಊರಿನ ಲೆಕ್ಕ ಬರಿಯೋ ಕೆಲಸ) ಕಾಲದ ಮೋಡಿ (ಹಿಂದ ಮರಾಠಿ ಬರಿಯಾಕ ಬಳಸ್ತಿದ್ದ ಲಿಪಿ) ಕಾಗದ, ಅಡತಿ ಅಂಗಡಿ ಪಟ್ಟಿ, ಜಾತ್ರಿ ಕಮಿಟಿ ಕೀರ್ದಿ (ಜಮಾ-ಖರ್ಚಿನ ವಹಿ), ಭಜನಿ ಹಾಡಿನ ವಹಿ, ಪತ್ರ, ಫೋಟೋ. ಕೆಲವಕ್ಕ ಹುಳ ಹತ್ತೈತಿ. ಎಲ್ಲಿ ಕೊಡಬೇಕು, ಕೊಡೂದರೊಳಗ ಏನ್ ಮಾಡಬೇಕು?

ಉತ್ತರ 1 (ಧಾರವಾಡ): ಮೊದಲ ಗಂಟು ಬಿಚ್ಚಬ್ಯಾಡ್ರಿ. ಟ್ರಂಕ್ ತೆಗದು, ಹ್ಯಾಂಗ್ ಅದಾವೋ ಹಂಗ ಫೋಟೋ ಹೊಡೀರಿ. ಗಂಟಿಗೊಂದು ನಂಬರ್ ಕೊಟ್ಟು, ಒಳಗಿನ ಕಾಗದದ ಹಿಂದ ಮೂಲಿಯಾಗ 1/1, 1/2 ಅಂತ 2ಬಿ ಪೆನ್ಸಿಲ್‌ಲೆ ಹಗೂರಕ ಬರೀರಿ. ಪೆನ್ನು ಬ್ಯಾಡ. ಲೆಕ್ಕ ಒಂದ್ ಕಡೆ, ಪತ್ರ ಒಂದ್ ಕಡೆ ಮಾಡೋ ಹುಕಿ ಎಲ್ಲಾರಿಗೂ ಬರತೈತಿ, ಹುಳಕ್ಕಿಂತ ಹೆಚ್ಚು ಹಾಳು ಮಾಡೂದು ಅದ. ಖರೇದಿ ಪತ್ರದ ಜೋಡಿ ಅದ ವರ್ಷದ ಸಾಲದ ಚೀಟಿ ಕಟ್ಟಿದ್ರ, ಹೊಲ ಯಾಕ ಕೈಬಿಟ್ಟಿತು ಅನ್ನೂದು ಆ ಗಂಟಿನಿಂದನ ಗೊತ್ತಾಗತೈತಿ.

ತಾರೀಖು ಇದ್ದಂಗ ಬರಕೊಂಡು ಬಾಜೂಕ ಇಸವಿ ಹಾಕ್ರಿ. ಶಕಕ್ಕ 78, ನಮ್ಮ ಕಡೆ ಫಸಲಿಗೆ (ಕಂದಾಯದ ಲೆಕ್ಕದ ವರ್ಷ) 590 ಕೂಡಿಸಬೇಕು. ಎರಡೂ ಜನವರಿಗೆ ಶುರು ಆಗಂಗಿಲ್ಲ, ಒಂದು ವರ್ಷ ಹಿಂದ-ಮುಂದ ಆದೀತು. ಬರೇ ಸಂವತ್ಸರದ ಹೆಸರಿದ್ರ ಇಸವಿ ಹಾಕಬ್ಯಾಡ್ರಿ, 60 ವರ್ಷಕ್ಕೊಮ್ಮೆ ಅದ ಹೆಸರು ಹೊಳ್ಳಿ ಬರತೈತಿ. ಜಿಲ್ಲಾದ ಹೆಸರು ಸೈತ ತಿದ್ದಬ್ಯಾಡ್ರಿ, 1997ರ ತನಕ ಗದಗ ಧಾರವಾಡ ಜಿಲ್ಲಾದಾಗ ಇತ್ತು.

ಉತ್ತರ 2 (ಹುಬ್ಬಳ್ಳಿ): ಹುಳದ ವಿಷಯ. ಹತ್ತಿದ ಗಂಟನ್ನು ಇವತ್ತೇ ಬೇರೆ ಇಡಿ. ದಪ್ಪ ಪಾಲಿಥೀನ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ, ಬಾಯಿಗೆ ಟೇಪ್ ಸುತ್ತಿ, ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ 2 ವಾರ. ಕರೆಂಟು ಪದೇ ಪದೇ ಹೋಗುವ ಕಡೆ ಇದು ಫಲ ಕೊಡುವುದಿಲ್ಲ. ತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ, ತಣ್ಣಗಿನ ಕಾಗದದ ಮೇಲೆ ನೀರು ಕೂರುತ್ತದೆ. ಫೋಟೋ, ಗಾಜಿನ ನೆಗೆಟಿವ್ ಫ್ರೀಜರ್‌ಗೆ ಬೇಡ.

ಬಿಸಿಲಿಗೆ ಹರವಿದರೆ ಮಸಿ ಮಾಸಿ ಕಾಗದ ಹಪ್ಪಳವಾಗುತ್ತದೆ, ನೆರಳು ಸಾಕು. ತುಕ್ಕು ಹಿಡಿದ ಟಾಚಣಿ ಎಳೆಯದೆ ನಿಧಾನ ಬಿಡಿಸಿ. ಸೆಲ್ಲೋಟೇಪ್ ಅಂಟು ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ, ಬಿಸಿಗೆ ಕರಗಿದ ಪ್ಲಾಸ್ಟಿಕ್ ನಾರಿಗೆ ಹಿಡಿದರೆ ಮತ್ತೆ ಬಿಡುವುದಿಲ್ಲ. ಅಕ್ಷರ ಇದ್ದಲ್ಲಿ ಮಾತ್ರ ಕಂದಾಗಿ ತೂತು ಬಿದ್ದಿದ್ದರೆ ಅದು ಹುಳವಲ್ಲ, ಕಬ್ಬಿಣದ ಅಂಶದ ಮಸಿ ಕಾಗದ ತಿಂದದ್ದು. ಅದಕ್ಕೆ ನೀರೂ ಅಂಟೂ ತಾಗಿಸಬಾರದು.

ಪ್ರಶ್ನೆ ಕೇಳಿದವರು: ಡಾಂಬರ ಗುಳಿಗಿ ಹಾಕಿಟ್ರ ನಡೀತೈತೇನ್ರಿ?

ಉತ್ತರ 2: ಬೇಡ. ಒಳಗಿರುವ ಮೊಟ್ಟೆ ಅದಕ್ಕೆ ಜಗ್ಗುವುದಿಲ್ಲ, ಆ ಹೊಗೆ ಓದುವವರ ಮೈಗೂ ಒಳ್ಳೆಯದಲ್ಲ. ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೂ ನೆಲಕ್ಕೂ ತಾಗದಂತೆ ಕಬ್ಬಿಣದ ರ್ಯಾಕಿನ ಮೇಲಿಡಿ.

ಉತ್ತರ 3 (ಗದಗ): ಸ್ಕ್ಯಾನು ಬರಹಕ್ಕೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಅನ್ನುವ ಅಳತೆ), ಫೋಟೋಕ್ಕೆ 600, ಎಲ್ಲ ಕಲರ್‌ನಲ್ಲಿ. ಎ4 ಪುಟ 300 ಡಿಪಿಐ ಟಿಫ್ (ಕುಗ್ಗಿಸದ ಚಿತ್ರದ ಫೈಲು) ಮಾಡಿದರೆ ಸುಮಾರು 26 ಎಂಬಿ, ಆ ಲೆಕ್ಕದಲ್ಲಿ ಹಾರ್ಡ್ ಡಿಸ್ಕ್ ತಗೊಳ್ಳಿ, ಒಂದಲ್ಲ ಎರಡು. ಇನ್ನೊಂದು ಬೇರೆ ಊರಿನಲ್ಲಿರಲಿ. 12 ಮೆಗಾಪಿಕ್ಸೆಲ್ ಮೊಬೈಲು ಎ4ಗೆ ಸಾಲುತ್ತದೆ, ಕೀರ್ದಿ ಎ3 ಅಗಲ ಇದ್ದರೆ ಸಾಲದು, ಅರ್ಧರ್ಧ ತೆಗೆಯಿರಿ. ಫ್ಲ್ಯಾಶ್ ಬೇಡ. ವಹಿ ಪೂರ್ತಿ ತೆರೆಯದಿದ್ದರೆ ಒತ್ತಬೇಡಿ, ಹೊಲಿಗೆ ಕಿತ್ತು ಬರುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಫೈಲಿನ ಹೆಸರು ಗಂಟಿನ ನಂಬರೇ ಇರಲಿ. ಮೋಡಿ ಓದಲು ಬಾರದಿದ್ದರೂ ತಲೆಕೆಳಗಾಗದಂತೆ ನೋಡಿಕೊಳ್ಳುವುದು ಸುಲಭ: ಸಾಲಿನುದ್ದಕ್ಕೂ ಎಳೆದ ಗೆರೆ ಅಕ್ಷರದ ಮೇಲಿರಬೇಕು.

ಉತ್ತರ 4 (ಹಾವೇರಿ): ಮೋಡಿ, ಕಂದಾಯದ ಕಾಗದಕ್ಕ ಧಾರವಾಡದ ವಿಭಾಗೀಯ ಪತ್ರಾಗಾರ ಕಚೇರಿ ಕೇಳ್ರಿ. ಅಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆ 1939ರಿಂದ ಐತಿ. ಭಜನಿ ವಹಿ ಶಿಗ್ಗಾಂವಿ ಹತ್ತಿರ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕ ಕೊಡಬಹುದು.

ಉತ್ತರ 1: ಒಂದ ಟ್ರಂಕಿನ ಕಾಗದ ಬ್ಯಾರೆ ಬ್ಯಾರೆ ಕಡೆ ಹಂಚಬ್ಯಾಡ್ರಿ ಅಂತನ ನನ್ನ ಮಾತು. ಟ್ರಂಕ್ ಒಂದ ಕಡೆ ಹೋಗಲಿ, ಗೊಟಗೋಡಿಗೆ ಸ್ಕ್ಯಾನ್ ಪ್ರತಿ ಕೊಡ್ರಿ. ಜಾತ್ರಿ ಕೀರ್ದಿ ನಿಮ್ಮ ಟ್ರಂಕಿನಾಗ ಇದ್ರೂ ಊರಿನ ಸ್ವತ್ತು, ಕಮಿಟಿಯವರ ಸಹಿ ಇಲ್ಲದ ಕೊಟ್ರ ನಾಳೆ ತಕರಾರು ಬರತೈತಿ.

ಉತ್ತರ 4: ಅದೂ ಖರೇನ. ಕೊಡುವಾಗ ಪಟ್ಟಿ ಎರಡು ಪ್ರತಿ ಮಾಡಿ, ಪುಟದ ಸಂಖ್ಯೆ ಸಮೇತ, ನಿಮ್ಮ ಪ್ರತಿ ಮ್ಯಾಲೆ ಅವರ ಸಹಿ-ಶಿಕ್ಕಾ ತಗೋರಿ. ದಾನವೋ, ಸ್ಕ್ಯಾನ್ ಮಾಡಿ ವಾಪಸ್ ಕೊಡೂದೋ ಅಂತ ಕಾಗದದ ಮ್ಯಾಲೆ ಇರಬೇಕು. ಮನಿಗೆ ಬಂದ ಪತ್ರದ ಹಾಳೆ ನಿಮ್ಮದು, ಬರಹದ ಹಕ್ಕು ಬರದವರದು, ಅವರು ತೀರಿಕೊಂಡ ಮ್ಯಾಲೆ ವಾರಸದಾರರದು. ಹಂಗಾಗಿ ಅಚ್ಚು ಹಾಕಾಕ ಅನುಮತಿ ಕೊಡೂದು ನಿಮ್ಮ ಕೈಯಾಗ ಇರಂಗಿಲ್ಲ. ಬದುಕಿದ್ದವರ ಸಾಲ, ಸೋಡಚೀಟಿ (ಗಂಡ-ಹೆಂಡತಿ ಬಿಟ್ಟ ಕಾಗದ), ಜಗಳದ ಕಾಗದ ಇದ್ರ ಇಂತಿಷ್ಟು ವರ್ಷ ಯಾರಿಗೂ ತೋರಿಸಬಾರದು ಅಂತ ಷರತ್ತು ಬರಸ್ರಿ. ಈಗ ನಡದಿರೋ ಹೊಲ-ಮನಿಯ ಖರೇದಿ ಪತ್ರ, ವಾಟಣಿ (ಪಾಲು) ಪತ್ರ ಮಾತ್ರ ಕೊಡಬ್ಯಾಡ್ರಿ, ಅವುಗಳ ಸ್ಕ್ಯಾನ್ ಕೊಟ್ಟು ಮೂಲ ಇದ್ದ ಗಂಟಿನ ಜಾಗದಾಗ 'ಮನಿಯಾಗ ಐತಿ' ಅಂತ ಒಂದು ಚೀಟಿ ಇಡ್ರಿ.