ಮತಂಗ ಬೆಟ್ಟದ ಕಪ್ಪು-ಬಿಳುಪು ಚಿತ್ರ ಪ್ರಿಂಟ್‌ನಲ್ಲಿ ಮಂಕಾಗುವುದೇಕೆ?

ಪ್ರಶ್ನೆ: ಹಂಪಿಯ ಮತಂಗ ಬೆಟ್ಟದ ಮೇಲಿಂದ ಬೆಳಿಗ್ಗೆ ಅಚ್ಯುತರಾಯ ದೇವಾಲಯದ ಕಡೆಗೆ ತೆಗೆದ ಚಿತ್ರವನ್ನು ಕಪ್ಪು-ಬಿಳುಪಿಗೆ ತಿರುಗಿಸಿ 12×18 ಇಂಚಿನಲ್ಲಿ ಪ್ರಿಂಟ್ ಹಾಕಿಸಿದೆ. ಪರದೆಯ ಮೇಲೆ ಚೆನ್ನಾಗಿದ್ದ ಚಿತ್ರ ಕಾಗದದ ಮೇಲೆ ಬೂದಿ ಬಳಿದಂತಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಅದೇ ಜಾಗದಲ್ಲಿ ನನಗೂ ಹೀಗೇ ಆಗಿತ್ತು. ಅಲ್ಲಿನ ಬಂಡೆಗಳ ನಸುಗೆಂಪು ಮತ್ತು ಬಾಳೆತೋಟದ ಹಸಿರು ಕಣ್ಣಿಗೆ ಎಷ್ಟೇ ಬೇರೆಯಾಗಿ ಕಂಡರೂ, ಬಣ್ಣವನ್ನು ಸುಮ್ಮನೆ ತೆಗೆದುಹಾಕಿದರೆ ಎರಡೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣಕ್ಕೆ ಇಳಿದುಬಿಡುತ್ತವೆ. ಪರಿವರ್ತಿಸುವಾಗ ನಾನು ಕಿತ್ತಳೆ ಬಣ್ಣದ ಹೊಳಪನ್ನು ತುಸು ಏರಿಸಿ, ಹಳದಿ ಮತ್ತು ಹಸಿರಿನದನ್ನು ಇಳಿಸಿದೆ. ಬಂಡೆಗಳು ತೋಟದಿಂದ ಬಿಡಿಸಿಕೊಂಡು ಎದ್ದು ಕಂಡವು. ಫಿಲ್ಮಿನ ಕಾಲದಲ್ಲಿ ಲೆನ್ಸಿನ ಮುಂದೆ ಹಾಕುತ್ತಿದ್ದ ಕಿತ್ತಳೆ ಫಿಲ್ಟರ್ ಮಾಡುತ್ತಿದ್ದ ಕೆಲಸವೂ ಇಂಥದ್ದೇ.

ಆದರೆ ಬೆಳಕಿನಲ್ಲೇ ಇಲ್ಲದ್ದನ್ನು ಆಮೇಲೆ ತರಲಾಗದು. ದೇವಾಲಯವು ಬೆಟ್ಟದ ಉತ್ತರಕ್ಕಿರುವುದರಿಂದ, ಆಗತಾನೇ ಹುಟ್ಟಿದ ಸೂರ್ಯನ ಬೆಳಕು ನಮ್ಮ ಬಲಗಡೆಯಿಂದ ಅಡ್ಡಲಾಗಿ ಬಿದ್ದು, ಒಂದೊಂದು ಕಂಬದ ನೆರಳೂ ಎಡಕ್ಕೆ ಉದ್ದವಾಗಿ ಚಾಚುತ್ತದೆ. ಹೊತ್ತೇರಿದಂತೆ ಆ ನೆರಳುಗಳು ಕುಗ್ಗಿ ಕಲ್ಲು ಚಪ್ಪಟೆಯಾಗುತ್ತದೆ. ದೇವಾಲಯದ ಮುಂದಿನ ಬಜಾರಿನ ಕಂಬಸಾಲು ನದಿಯ ಕಡೆಗೇ ಸಾಗುವುದರಿಂದ, ಖಾಲಿ ಆಕಾಶದ ಮುಕ್ಕಾಲು ಪಾಲನ್ನು ಚೌಕಟ್ಟಿನಿಂದ ಹೊರಗಿಟ್ಟು ಆ ಬೀದಿಗೆ ಜಾಗ ಕೊಟ್ಟೆ. ನೋಡುವವರ ಕಣ್ಣು ಅದರ ಗುಂಟ ತಾನಾಗಿ ನಡೆಯುತ್ತದೆ.

ಎರಡನೆಯ ಉತ್ತರ: ಮೇಲಿನ ಮಾತಿಗೆ ಮುದ್ರಣದ ವಿಷಯವನ್ನಷ್ಟೇ ಸೇರಿಸುತ್ತೇನೆ. ಪರದೆ ತಾನೇ ಬೆಳಗುತ್ತದೆ, ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನು ಮಾತ್ರ ಹಿಂದಿರುಗಿಸುತ್ತದೆ. ಆದ್ದರಿಂದ ಪೂರ್ತಿ ಅಳತೆಯಲ್ಲಿ ಹಾಕಿಸುವ ಮೊದಲು ಗೋಪುರ, ನೆರಳು, ಆಕಾಶ ಮೂರೂ ಬರುವಂತೆ ಅಂಗೈಯಗಲದ ಪಟ್ಟಿಯೊಂದನ್ನು ಹಾಕಿಸಿ, ಚಿತ್ರ ತೂಗುವ ಗೋಡೆಯ ಬಳಿಯೇ ಹಿಡಿದು ನೋಡಿ. ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ ಕಪ್ಪು ಅಷ್ಟು ಆಳಕ್ಕೆ ಇಳಿಯುವುದಿಲ್ಲ ಎಂಬುದೂ ನೆನಪಿರಲಿ.

ನನ್ನ ಒಂದು ಪ್ರಿಂಟ್‌ನಲ್ಲಿ ಕೆಳಗಿನ ಎಡಮೂಲೆಯ ಬಿಸಿಲು ಬಿದ್ದ ಬಂಡೆಯೊಂದು ಕಣ್ಣನ್ನು ಎಳೆಯುತ್ತಲೇ ಇತ್ತು. ಹೆಬ್ಬೆರಳಿನಿಂದ ಅದನ್ನು ಮುಚ್ಚಿದೊಡನೆ ಗೋಪುರ ಮತ್ತೆ ಚಿತ್ರದ ಯಜಮಾನನಾಯಿತು. ಆ ಮೂಲೆಯನ್ನಷ್ಟೇ ‘ಬರ್ನ್’ ಮಾಡಿದೆ, ಅಂದರೆ ಗಾಢಗೊಳಿಸಿದೆ. ಇದು ಮೋಸವೆಂದು ಹಿಂಜರಿಯಬೇಡಿ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್‌ನಲ್ಲಿ ತೆಗೆದ ಚಂದ್ರೋದಯದ ನೆಗೆಟಿವ್‌ನಿಂದ ದಶಕಗಳ ಕಾಲ ಪ್ರಿಂಟ್ ಮಾಡಿದರು. ಮೊದಲಿನವುಗಳಲ್ಲಿ ತಿಳಿಯಾಗಿದ್ದ ಆಕಾಶ ಕೊನೆಕೊನೆಗೆ ಬಹುಪಾಲು ಕಪ್ಪಾಯಿತು.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ನನ್ನದು ಮ್ಯಾಟ್ ಕಾಗದವೇ, ಮೇಲಾಗಿ ಚಿತ್ರ ತೆಗೆದಾಗ ಬಿಸಿಲು ಚೆನ್ನಾಗಿ ಏರಿತ್ತು. ಈ ಸಲ ಕತ್ತಲಿರುವಾಗಲೇ ಬೆಟ್ಟ ಹತ್ತುತ್ತೇನೆ.