ಪದ ಬೇಕಿತ್ತು: ರೇಸಿನಿಂದ ರಸ್ತೆಗೆ ಬಂದ ಬೈಕಿಗೆ

ಶಿರಸಿಯಿಂದ:
ಎಲ್ಲರಿಗೂ ನಮಸ್ಕಾರ. ಗೆಳೆಯರೊಬ್ಬರು ಇಲ್ಲಿ ಬೈಕ್ ಗ್ಯಾರೇಜ್ ತೆರೆಯುತ್ತಿದ್ದಾರೆ. ಯಮಹಾ ಆರ್‌1, ಬಿಎಂಡಬ್ಲ್ಯು ಎಸ್‌1000ಆರ್‌ಆರ್ ಥರದ ಗಾಡಿಗಳ ಕೆಲಸ. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕಲ್ವಾ, ನಾಳೆ ಸಂಜೆಯೊಳಗೆ ಬರಹ ಕೊಡಬೇಕು. ‘ರೇಸ್ ರೆಪ್ಲಿಕಾ’ (ರೇಸ್ ಬೈಕಿನ ಹಾಗೆ ಮಾಡಿದ ರಸ್ತೆಯ ಬೈಕು) ಅನ್ನುವುದಕ್ಕೆ ‘ರೇಸಿನ ಪಡಿಯಚ್ಚು’ ಎಂದು ಹಾಕಿದ್ದೇನೆ. ಸರಿಯೇ?

ಕುಮಟಾದಿಂದ:
ಬೇಡ. ಪಂದ್ಯ ಇರುವಾಗ ರೇಸು ಯಾಕೆ? ತಮಿಳಿನ ಪಂದಯಂ, ತೆಲುಗಿನ ಪಂದೆಂ, ನಮ್ಮ ಪಂದ್ಯ ಒಂದೇ ಬಳಗದವು. ಬಾಜಿ ಕಟ್ಟುವುದು, ಓಟದಲ್ಲಿ ಸೆಣಸುವುದು ಎರಡೂ ಈ ಬಳಗದಲ್ಲೇ ಇವೆ. ‘ಪಂದ್ಯದ ಬೈಕು’ ಎಂದು ಬರೆಸಿ.

ಕಾರವಾರದಿಂದ:
ಪಂದ್ಯದ ಬೈಕು ಅಂದರೆ ಟ್ರ್ಯಾಕಿನ ಬೈಕು. ಹೆಡ್‌ಲೈಟ್ ಇಲ್ಲ, ಇಂಡಿಕೇಟರ್ ಇಲ್ಲ, ನಂಬರ್ ಪ್ಲೇಟೂ ಇಲ್ಲ. ಅದನ್ನು ದೇವಿಮನೆ ಘಟ್ಟದಲ್ಲಿ ಓಡಿಸುವ ಹಾಗಿಲ್ಲ.

ಪಡಿಯಚ್ಚೂ ಆಗುವುದಿಲ್ಲ. ಹೊರಗಿನ ರೂಪ ಅಷ್ಟೇ ಎಂಬ ಅರ್ಥ ಬರುತ್ತದೆ. ಇಲ್ಲಿ ರೇಸಿನಿಂದ ಬಂದಿರುವುದು ಒಳಗಿನ ಎಂಜಿನ್ನು. 2009ರ ಆರ್‌1 ನೋಡಿ. ಮಾಮೂಲಿ ನಾಲ್ಕು ಸಿಲಿಂಡರಿನ ಬೈಕಿನಲ್ಲಿ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) 180 ಡಿಗ್ರಿ ತಿರುಗಿದಾಗೊಮ್ಮೆ ಫೈರಿಂಗ್, ಅಂದರೆ ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯುತ್ತದೆ. ಇದರಲ್ಲಿ ಕ್ರಾಸ್‌ಪ್ಲೇನ್ ಕ್ರ್ಯಾಂಕ್, ಅಂದರೆ ದಂಡದ ಮಡಿಕೆಗಳು 90 ಡಿಗ್ರಿ ಅಂತರದಲ್ಲಿವೆ. ಹಾಗಾಗಿ ಫೈರಿಂಗಿನ ಅಂತರ 270, 180, 90, 180 ಡಿಗ್ರಿ. ಮೋಟೊಜಿಪಿ ರೇಸುಗಳಲ್ಲಿ ಓಡಿಸುವ ಯಮಹಾ ಎಂ1 ಬೈಕಿನಿಂದ ಇಳಿದು ಬಂದದ್ದು. ತಿರುವಿನಿಂದ ಹೊರಬರುತ್ತಾ ಎಕ್ಸಲೇಟರ್ ಕೊಟ್ಟಾಗ ಹಿಂದಿನ ಟೈರಿನ ಹಿಡಿತ ಸವಾರನಿಗೆ ಚೆನ್ನಾಗಿ ತಿಳಿಯಲಿ ಎಂದು ಹೀಗೆ ಮಾಡಿದರು. ಅದರ ಸದ್ದೇ ಬೇರೆ.

ಇನ್ನೊಂದು. ಎಲ್ಲವೂ ರೇಸಿನಿಂದ ರಸ್ತೆಗೆ ಬಂದವಲ್ಲ. ವರ್ಲ್ಡ್ ಸೂಪರ್‌ಬೈಕ್ ಚಾಂಪಿಯನ್‌ಶಿಪ್ 1988ರಲ್ಲಿ ಶುರುವಾಯಿತು. ಅಲ್ಲಿ ಜನರಿಗೆ ಮಾರುವ ಬೈಕನ್ನೇ ತಿದ್ದಿ ಓಡಿಸಬೇಕು. ಹಾಗಾಗಿ ರೇಸ್ ಗೆಲ್ಲಲಿಕ್ಕೆಂದೇ ರಸ್ತೆಯ ಬೈಕು ಮಾಡಿ ಮಾರಿದ್ದೂ ಇದೆ. ಹೋಂಡಾ ಆರ್‌ಸಿ30 ಅಂಥದ್ದು, ಮೊದಲ ವರ್ಷದ ಚಾಂಪಿಯನ್ ಓಡಿಸಿದ್ದು ಅದನ್ನೇ. ಎರಡಕ್ಕೂ ಹೊಂದುವ ಮಾತು ಬೇಕಿದ್ದರೆ ‘ರೇಸ್ ತಳಿಯ ಬೈಕು’ ಎನ್ನಿ.

ಕುಮಟಾದಿಂದ:
ತಳಿ ಜೀವ ಇರುವುದಕ್ಕೆ. ಭತ್ತಕ್ಕೆ ಇದೆ, ಅಡಿಕೆಗೆ ಇದೆ, ಕಬ್ಬಿಣಕ್ಕಿಲ್ಲ. ರೇಸ್, ಬೈಕು ಎರಡೂ ಇಂಗ್ಲಿಷ್. ಅಕ್ಷರ ಮಾತ್ರ ಕನ್ನಡವಾದರೆ ಸಾಕೇ? ಶೇ 60ರ ಕಾನೂನು ಕೇಳುವುದು ಕನ್ನಡವನ್ನು, ಬರೀ ಲಿಪಿಯನ್ನಲ್ಲ.

ಹೊನ್ನಾವರದಿಂದ:
ಬೈಕು, ಬೈಕಿಗೆ, ಬೈಕಿನ. ಉಕಾರ ಹತ್ತಿತು, ವಿಭಕ್ತಿ ಹತ್ತಿತು. ಇನ್ನೇನು ಬೇಕು? ಚಾವಿ, ಪಗಾರ, ಬಟಾಟೆ ಮೂರೂ ಪೋರ್ಚುಗೀಸರಿಂದ ಬಂದವು. ಇವಿಲ್ಲದೆ ನಮ್ಮ ಕರಾವಳಿಯಲ್ಲಿ ಒಂದು ದಿನ ಮಾತಾಡಿ ನೋಡಿ. ಮೊಬೈಲ್ ನೆಟ್‌ವರ್ಕಿಗೆ ‘ಐದನೇ ತಲೆಮಾರು’ ಎಂದು ಬರೆಯುತ್ತಾರೆ, ಯಾರೂ ತಕರಾರು ತೆಗೆದಿಲ್ಲ. ಯಂತ್ರಕ್ಕೆ ತಲೆಮಾರು ಇದ್ದ ಮೇಲೆ ತಳಿಯೂ ಇರಬಹುದು.

ಕುಮಟಾದಿಂದ:
ಬಂದು ನೆಲೆಯಾದದ್ದನ್ನು ಇಟ್ಟುಕೊಳ್ಳುವುದು ಬೇರೆ, ದಿನವೂ ಹೊಸದನ್ನು ಕರೆತರುವುದು ಬೇರೆ. ಪಂದ್ಯ ಇನ್ನೂ ಎಲ್ಲರ ಬಾಯಲ್ಲಿದೆ. ಬಳಸದೆ ಸಾಯಿಸಬೇಡಿ.

ಹೊನ್ನಾವರದಿಂದ:
ಬಾಯಲ್ಲಿರುವುದು ಕ್ರಿಕೆಟ್ ಪಂದ್ಯ. ಬೈಕಿನ ಹುಡುಗರು ಅನ್ನುವುದು ರೇಸ್ ಅಂತಲೇ.

ಶಿರಸಿಯಿಂದ:
ಎಲ್ಲರಿಗೂ ಧನ್ಯವಾದ. ‘ಪಂದ್ಯ ತಳಿ’ ಎಂದೂ ಬರೆದು ತೋರಿಸಿದೆ. ಗ್ಯಾರೇಜಿನವರಿಗೇ ತಿಳಿಯಲಿಲ್ಲ. ‘ರೇಸ್ ತಳಿಯ ಬೈಕುಗಳ ರಿಪೇರಿ’ ಎಂದು ಕೊಡುತ್ತಿದ್ದೇನೆ. ಕೆಳಗಿನ ಸಾಲಿನಲ್ಲಿ ಸ್ಲಿಪ್ಪರ್ ಕ್ಲಚ್, ಕ್ವಿಕ್‌ಶಿಫ್ಟರ್ ಎಂಬ ಬೈಕಿನ ಭಾಗಗಳ ಹೆಸರುಗಳಿವೆ. ಅವನ್ನು ಹಾಗೇ ಬಿಡಲೇ?